ದೂತನಿಗೆ ಯಾಕೆ ರಕ್ಷಣೆ?



ಹನುಮಂತನನ್ನು ಕೊಲ್ಲಿರಿ ಅಂದ ರಾವಣ. ದೂತನನ್ನು ಕೊಲ್ಲಬಾರದು ಅಂದ ವಿಭೀಷಣ. ಈ ಕತೆ ನಿಮಗೆ ಗೊತ್ತು.

ಇಂದಿನ ದೂತರು ರಾಯಭಾರಿಗಳು. ಅವರು ಬೇರೆ ದೇಶದಲ್ಲಿ ಇರ್ತಾರೆ. ಅಲ್ಲಿನ ಪೊಲೀಸರು ಅವರನ್ನು ಬಂಧಿಸುವ ಹಾಗಿಲ್ಲ. 1961ರಲ್ಲಿ ವಿಯೆನ್ನಾ ನಗರದಲ್ಲಿ ಈ ಒಪ್ಪಂದ ಆಯಿತು. ಯಾಕೆ? ದೇಶಗಳಿಗೆ ಜಗಳ ಬಂದರೂ ಮಾತು ನಿಲ್ಲಬಾರದು.

ಹಾಗಾದ್ರೆ ಅವರು ತಪ್ಪು ಮಾಡಿದರೆ? ಆ ದೇಶ ಅವರನ್ನು ವಾಪಸ್ ಕಳಿಸಬಹುದು. ರಕ್ಷಣೆ ತೆಗೆಯುವುದು ಅವರನ್ನು ನೇಮಿಸಿದ ದೇಶದ ಕೈಯಲ್ಲಿದೆ.

1997ರಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿ ಜಾರ್ಜಿಯಾ ದೇಶದ ರಾಯಭಾರ ಅಧಿಕಾರಿಯೊಬ್ಬ ಕುಡಿದು ಕಾರು ಓಡಿಸಿದ. 16 ವರ್ಷದ ಹುಡುಗಿ ಸತ್ತಳು. ಜಾರ್ಜಿಯಾ ಅವನ ರಕ್ಷಣೆ ತೆಗೆಯಿತು. ಅವನಿಗೆ ಜೈಲಾಯಿತು.

ರಕ್ಷಣೆ ಇರೋದು ದೂತನ ಕೆಲಸಕ್ಕೆ. ಅವನ ತಪ್ಪಿಗೆ ಅಲ್ಲ.