ಎಂಜಿನ್ ಆರಿಸುವ ಮುನ್ನ



ಗಲ್ಫಿಗೆ ಹೋಗಿಬರುವ ನಿಮ್ಮ ಅಣ್ಣಂದಿರು, ಮಾವಂದಿರು ಕೂರುವ ವಿಮಾನಗಳಲ್ಲಿ ಹೆಚ್ಚಿನವಕ್ಕೆ ಎರಡೇ ಎಂಜಿನ್. ಹಾರಾಟದ ಮಧ್ಯೆ ಒಂದು ಕೈಕೊಟ್ಟರೆ ಪೈಲಟ್ ಏನು ಮಾಡಬೇಕು? ಕೂಡಲೇ ಆರಿಸಬೇಕು ಎಂದು ನೀವು ಹೇಳಬಹುದು. ಬೆಂಕಿ ಹತ್ತಿದ್ದರೆ, ಒಳಭಾಗ ತೀವ್ರವಾಗಿ ಮುರಿದಿದ್ದರೆ ಅದೇ ಸರಿ. ಆದರೆ ಎಲ್ಲ ತೊಂದರೆಯೂ ಅಂಥದ್ದಲ್ಲ. ಕಂಪ್ರೆಸರಿನಲ್ಲಿ ಗಾಳಿಯ ಹರಿವು ಕೆಟ್ಟು ಢಬ್ ಢಬ್ ಎಂದು ಸದ್ದಾದಾಗ, ಥ್ರಾಟಲನ್ನು ಹಿಂದಕ್ಕೆಳೆದು ಐಡಲ್‌ಗೆ ತಂದರೆ ಎಷ್ಟೋ ಸಲ ಅದು ಶಾಂತವಾಗುತ್ತದೆ. ಐಡಲ್ ಎಂದರೆ ನಿಲ್ದಾಣದಲ್ಲಿ ನಿಂತ ಬಸ್ಸು ಗುರುಗುಟ್ಟುತ್ತದಲ್ಲ, ಹಾಗೆ. ಆಗಲೂ ಎಂಜಿನ್ ಜನರೇಟರನ್ನೂ ಹೈಡ್ರಾಲಿಕ್ ಪಂಪನ್ನೂ ತಿರುಗಿಸುತ್ತಿರುತ್ತದೆ. ಬೇಕೆಂದಾಗ ಕೆಲವೇ ಸೆಕೆಂಡುಗಳಲ್ಲಿ ಶಕ್ತಿ ಕೊಡಬಲ್ಲದು. ಆರಿಸಿದ ಎಂಜಿನನ್ನು ಮತ್ತೆ ಚಾಲೂ ಮಾಡಲು ಎತ್ತರ ಬೇಕು, ವೇಗ ಬೇಕು, ಸಮಯವೂ ಬೇಕು.

ಈ ಸಮಯದ ಬೆಲೆ ಎಷ್ಟೆಂಬುದಕ್ಕೆ ಒಂದು ಘಟನೆ ಹೇಳುತ್ತೇನೆ. 1989ರ ಜನವರಿ 8ರ ರಾತ್ರಿ ಲಂಡನ್ನಿನಿಂದ ಬೆಲ್‌ಫಾಸ್ಟ್‌ಗೆ ಹೊರಟ ಬ್ರಿಟಿಷ್ ಮಿಡ್ಲ್ಯಾಂಡ್ ಸಂಸ್ಥೆಯ ಬೋಯಿಂಗ್ 737-400ರಲ್ಲಿ 126 ಜನರಿದ್ದರು. 28,000 ಅಡಿ ದಾಟಿ ಏರುತ್ತಿದ್ದಾಗ ಎಡ ಎಂಜಿನಿನ ಫ್ಯಾನಿನ ಒಂದು ಅಲಗು ಮುರಿಯಿತು. ವಿಮಾನ ಗಡಗಡ ನಡುಗಿತು, ಕಾಕ್‌ಪಿಟ್‌ಗೆ ಹೊಗೆಯ ವಾಸನೆ ಬಂತು. ಯಾವ ಎಂಜಿನ್ ಎಂದು ಕ್ಯಾಪ್ಟನ್ ಕೇಳಿದಾಗ ಸಹಪೈಲಟ್ 'ಎಡ' ಎನ್ನಲು ಹೊರಟು 'ಬಲ' ಎಂದುಬಿಟ್ಟರು. ಎಂಜಿನಿನ ಕಂಪನ ತೋರಿಸುವ ಮಾಪಕವೋ ತೀರಾ ಚಿಕ್ಕದು.

ಬಲ ಎಂಜಿನಿನ ಥ್ರಾಟಲ್ ಹಿಂದಕ್ಕೆಳೆದರು. ನಡುಕ ಕಡಿಮೆಯಾಯಿತು! ನಿಜ ಕಾರಣ ಬೇರೆಯೇ ಇತ್ತು. ಅದೇ ಹೊತ್ತಿಗೆ ಸ್ವಯಂಚಾಲಿತ ಥ್ರಾಟಲನ್ನು ತೆಗೆದದ್ದರಿಂದ ಎಡ ಎಂಜಿನಿಗೆ ಹೆಚ್ಚುವರಿ ಇಂಧನ ಹೋಗುವುದು ನಿಂತಿತ್ತು. ಇದನ್ನೇ ಅವರು ಪುರಾವೆ ಎಂದು ನಂಬಿದರು. ಹಾಗಾಗಿ ಐಡಲ್ ಕೂಡ ಮೋಸ ಮಾಡಬಲ್ಲದು, ಒಪ್ಪುತ್ತೇನೆ. ಆದರೆ ಬಲ ಎಂಜಿನನ್ನು ಅಲ್ಲಿಯೇ ಬಿಟ್ಟಿದ್ದರೆ ತಪ್ಪು ತಿದ್ದಿಕೊಳ್ಳಲು ದಾರಿಯಿತ್ತು. ತೊಂದರೆ ಶುರುವಾದ ಸುಮಾರು ಎರಡು ನಿಮಿಷದಲ್ಲಿ ಆ ಒಳ್ಳೆಯ ಎಂಜಿನನ್ನು ಆರಿಸಿಬಿಟ್ಟರು.

ಮುಂದೆ ಈಸ್ಟ್ ಮಿಡ್ಲ್ಯಾಂಡ್ಸ್ ವಿಮಾನ ನಿಲ್ದಾಣಕ್ಕೆ ಇಳಿಯುವಾಗ, ನೆಲದಿಂದ ಸುಮಾರು 900 ಅಡಿಯಲ್ಲಿ, ಹೆಚ್ಚು ಶಕ್ತಿ ಬೇಕಾಗಿದ್ದ ಹೊತ್ತಿನಲ್ಲಿ ಎಡ ಎಂಜಿನ್ ಕೈಬಿಟ್ಟಿತು. ಬಲ ಎಂಜಿನನ್ನು ಚಾಲೂ ಮಾಡಲು ಹೊರಟರು, ಸಮಯ ಸಾಲಲಿಲ್ಲ. ರನ್‌ವೇಗೆ ಇನ್ನು ಸುಮಾರು ಒಂದು ಕಿಲೋಮೀಟರ್ ಇರುವಾಗ ಕೆಗ್‌ವರ್ತ್ ಊರಿನ ಬಳಿ ಹೆದ್ದಾರಿಯ ದಿಬ್ಬಕ್ಕೆ ವಿಮಾನ ಅಪ್ಪಳಿಸಿತು. 47 ಮಂದಿ ಸತ್ತರು.

ವಿದ್ಯಾರ್ಥಿಗಳೇ, ನನ್ನನ್ನು ಕಾಡುವುದು ಇನ್ನೊಂದು ಸಂಗತಿ. ಬಲ ಎಂಜಿನಿನಲ್ಲಿ ತೊಂದರೆಯಾಗಿದೆ, ಅದನ್ನು ಆರಿಸಿದ್ದೇವೆ ಎಂದು ಕ್ಯಾಪ್ಟನ್ ಪ್ರಯಾಣಿಕರಿಗೆ ತಿಳಿಸಿದ್ದರು. ಎಡಗಡೆಯ ಕಿಟಕಿಯಿಂದ ಬೆಂಕಿಯ ಕಿಡಿಗಳನ್ನು ಕಂಡವರು ಅದನ್ನು ಕೇಳಿಸಿಕೊಂಡರು. ಪೈಲಟ್‌ಗೆ ಗೊತ್ತಿಲ್ಲದೆ ಇರುತ್ತದೆಯೇ ಎಂದುಕೊಂಡಿರಬೇಕು. ಒಬ್ಬರೂ ಎದ್ದು ಕೇಳಲಿಲ್ಲ.