ದಾರಿಯಲ್ಲಿ ದೊರೆತವರು

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬುದು ಹಿರಿಯರ ಮಾತು. ಕೋಶ ಓದಿಸುವುದು ನಮ್ಮ ವೃತ್ತಿ. ಇಂದು ಮಾತ್ರ ದೇಶ ಸುತ್ತುವುದನ್ನು ಕುರಿತು ನಾಲ್ಕು ಮಾತುಗಳನ್ನಾಡಲು ತಮ್ಮ ಅಪ್ಪಣೆಯನ್ನು ಬೇಡುತ್ತೇವೆ. ಅದರಲ್ಲಿಯೂ ಸರಳವಾದ, ನಿಜವಾದ ಬಾಳನ್ನು ಅರಸಿ ಮನೆಯಿಂದ ಹೊರಡುವವರ ವಿಚಾರವೇ ನಮ್ಮ ಇಂದಿನ ವಿಷಯ. ಇದಕ್ಕೆ ದೂರದ ನಿದರ್ಶನ ಬೇಕಾಗಿಲ್ಲ. ನಮ್ಮ ಕಾಸರಗೋಡು ನಾಡಿನಲ್ಲಿಯೇ ಹುಟ್ಟಿದ ಸ್ವಾಮಿ ರಾಮದಾಸರ ಜೀವನ ನಮ್ಮೆದುರಿಗಿದೆ.

ರಾಮದಾಸರು ಜನಿಸಿದ್ದು 1884ರಲ್ಲಿ, ಹೊಸದುರ್ಗದ ಒಂದು ಸಾರಸ್ವತ ಮನೆತನದಲ್ಲಿ. ಮನೆಮಾತು ಕೊಂಕಣಿ; ಇಟ್ಟ ಹೆಸರು ವಿಠಲರಾವ್. ಮುಂಬಯಿಯಲ್ಲಿ ನೂಲುವ, ನೇಯುವ ಯಂತ್ರವಿದ್ಯೆಯನ್ನು ಕಲಿತು, ಗಿರಣಿಗಳಲ್ಲಿ ದುಡಿದು, ಕೊನೆಗೆ ಮಂಗಳೂರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಸ್ವಂತ ಉದ್ಯಮವನ್ನು ನಡೆಸಿದರು. ವ್ಯಾಪಾರ ಕೈಹಿಡಿಯಲಿಲ್ಲ, ಮನಸ್ಸಿಗೂ ನೆಮ್ಮದಿಯಿರಲಿಲ್ಲ. ಆ ಸಮಯದಲ್ಲಿ ಅವರ ತಂದೆ ಬಾಲಕೃಷ್ಣರಾಯರು ಮಗನಿಗೆ ರಾಮಮಂತ್ರವನ್ನು ಉಪದೇಶಿಸಿದರು. 1922ರ ಡಿಸೆಂಬರದ ಕೊನೆಯಲ್ಲಿ ವಿಠಲರಾಯರು ಹೆಂಡತಿಗೆ ಒಂದು ಪತ್ರವನ್ನು ಬರೆದಿಟ್ಟು ರೈಲು ಹತ್ತಿದರು. ಶ್ರೀರಂಗದಲ್ಲಿ ಕಾವೇರಿಯಲ್ಲಿ ಮಿಂದು, ಕಾವಿಯನ್ನು ಉಟ್ಟು ರಾಮದಾಸರಾದರು.

ಆ ಅಲೆದಾಟದ ಕಥೆಯನ್ನು ಅವರು ಮುಂದೆ ಇಂಗ್ಲಿಷಿನಲ್ಲಿ ಬರೆದರು. ‘ಇನ್ ಕ್ವೆಸ್ಟ್ ಆಫ್ ಗಾಡ್’ ಎಂಬ ಆ ಪುಸ್ತಕ 1925ರಲ್ಲಿ ಪ್ರಕಟವಾಯಿತು. ಅದರಲ್ಲಿ ಅವರು ತಮ್ಮನ್ನು ‘ನಾನು’ ಎಂದು ಕರೆದುಕೊಳ್ಳುವುದಿಲ್ಲ, ‘ರಾಮದಾಸ’ ಎಂದೇ ಹೇಳಿಕೊಳ್ಳುತ್ತಾರೆ. ತಿರುವಣ್ಣಾಮಲೆಯ ರಮಣ ಮಹರ್ಷಿಗಳ ದರ್ಶನ ಅದರಲ್ಲಿದೆ; ಹುಬ್ಬಳ್ಳಿಯ ಸಿದ್ಧಾರೂಢರ ಮಠವಿದೆ; ಕೇದಾರ ಬದರಿಗಳ ಯಾತ್ರೆಯಿದೆ. ಆದರೆ ನಮ್ಮ ಮನಸ್ಸನ್ನು ಸೆಳೆದವರು ಹೆಸರಿಲ್ಲದ ಜನ. ದಾರಿಯಲ್ಲಿ ಜೊತೆಗೂಡಿದ ಸಾಧು ಅವರಿಗೆ ‘ಸಾಧುರಾಮ’. ಅನ್ನವಿಕ್ಕಿದವನೂ ರಾಮ, ಟಿಕೆಟಿಲ್ಲವೆಂದು ರೈಲಿನಿಂದ ಇಳಿಸಿದವನೂ ರಾಮ, ಗದರಿಸಿದ ಪೋಲೀಸಿನವನೂ ರಾಮ. ಇಳಿಸಿದರೆ ಇಳಿಯುವುದು, ಮುಂದಿನ ರೈಲು ಬಂದಾಗ ಮತ್ತೆ ಹತ್ತುವುದು. ಬೇಸರವೆಂಬುದೇ ಇಲ್ಲ.

ಈ ಪುಸ್ತಕವನ್ನು ನಾವು ಓದಿದ್ದು ವಿದ್ವತ್ ಪರೀಕ್ಷೆಯನ್ನು ಮುಗಿಸಿ, ಉದ್ಯೋಗವಿಲ್ಲದೆ ಕುಳಿತಿದ್ದ ಕಾಲದಲ್ಲಿ. ಆ ವಯಸ್ಸಿನಲ್ಲಿ ಓದಿದ ಪುಸ್ತಕ ತಲೆಗೇರುತ್ತದೆ. ನಾವೂ ತಿರುವಣ್ಣಾಮಲೆಗೆ ಹೋಗಿ ನೆಲೆಸಿಬಿಡಬೇಕೆಂದು ನಿಶ್ಚಯಿಸಿದೆವು. ಮನೆಯಲ್ಲಿ, ಮಂಗಳೂರಿಗೆ ಹೋಗಿ ಸಂಜೆಗೆ ಬರುತ್ತೇವೆಂದು ಮಾತ್ರ ಹೇಳಿದೆವು. ಎರಡು ದಿನ ಅಲ್ಲಿಯೇ ಅಲೆದೆವು; ರಾಮದಾಸರು ತಂಗಿದ್ದ ಕದ್ರಿಯ ಗುಹೆಗಳನ್ನು ಕಂಡೆವು. ಮೂರನೆಯ ದಿನ ಸಂಜೆ ತೆಂಕಣಕ್ಕೆ ಹೊರಟ ರೈಲನ್ನು ಹತ್ತಿದೆವು.

ಎದುರಿಗೆ ಕುಳಿತಿದ್ದವರು ಕೊಡೆ ರಿಪೇರಿ ಮಾಡುವ ಒಬ್ಬ ಮುದುಕರು. ಎರಡು ಅಂಗಿ, ಒಂದು ಪಂಚೆ, ಕೊಡೆಯ ಕಡ್ಡಿ, ತಂತಿ, ಇಕ್ಕಳ, ಸೂಜಿ ದಾರ, ಇಷ್ಟನ್ನು ತುಂಬಿದ ಒಂದು ಚೀಲವೇ ಅವರ ಆಸ್ತಿ. ತುಳು, ಮಲಯಾಳ, ಕನ್ನಡ ಮೂರನ್ನೂ ಬೆರೆಸಿ ಮಾತನಾಡುತ್ತಿದ್ದರು. ಮುಂಗಾರು ಮೊದಲು ತಿರುವನಂತಪುರದ ಕಡೆ ಇಳಿದು, ದಿನದಿನಕ್ಕೆ ಬಡಗಣಕ್ಕೆ ಏರಿ ಬರುತ್ತದಷ್ಟೆ. ಅವರು ಮೇ ತಿಂಗಳ ಕೊನೆಗೆ ಅಲ್ಲಿಗೆ ಹೋಗಿ, ಮಳೆಯ ಜೊತೆಯಲ್ಲಿಯೇ ಊರಿಂದೂರಿಗೆ ಕೊಡೆ ಸರಿಮಾಡುತ್ತ ಮರಳಿ ಬರುವರಂತೆ. ಕಟ್ಟಿಕೊಂಡು ಬಂದಿದ್ದ ಅವಲಕ್ಕಿಯಲ್ಲಿ ಅರ್ಧವನ್ನು ನಮ್ಮ ಕೈಗೆ ಸುರಿದರು.

ಕಾಸರಗೋಡು ನಿಲ್ದಾಣ ಬಂದಿತು. ಪರಿಚಿತರು ಯಾರಾದರೂ ಕಂಡಾರೆಂದು ನಾವು ಕಿಟಕಿಯಿಂದ ಮುಖವನ್ನು ಒಳಕ್ಕೆ ಸರಿಸಿಕೊಂಡೆವು. ರೈಲು ಹೊರಟಮೇಲೆ ಮುದುಕರು ಮೆಲ್ಲನೆ ಕೇಳಿದರು: “ಮನೆಯಲ್ಲಿ ಹೇಳಿ ಬಂದೆಯಾ, ಮಗಾ?”

ನಮ್ಮಿಂದ ಉತ್ತರ ಹೊರಡಲಿಲ್ಲ. ಅವರು ಉಪದೇಶ ಮಾಡಲಿಲ್ಲ. “ನಾನು ವಾರಕ್ಕೊಮ್ಮೆ ಮನೆಗೆ ಫೋನು ಮಾಡುತ್ತೇನೆ. ಎಲ್ಲಿದ್ದೇನೆಂದು ಅವರಿಗೆ ಗೊತ್ತಿದ್ದರೆ, ನಾನು ಯಾವ ಅಂಗಡಿ ಜಗಲಿಯಲ್ಲಿಯೂ ನಿದ್ದೆ ಮಾಡಬಲ್ಲೆ,” ಎಂದಷ್ಟೇ ನುಡಿದು ಕಣ್ಣು ಮುಚ್ಚಿದರು.

ನಾವು ಕಾಞಂಗಾಡಿನಲ್ಲಿ ಇಳಿದುಬಿಟ್ಟೆವು. ಆ ರಾತ್ರಿ ರಾಮದಾಸರ ಆನಂದಾಶ್ರಮದಲ್ಲಿ ಪಂಕ್ತಿಯಲ್ಲಿ ಕುಳಿತು ಉಂಡೆವು, ರಾಮನಾಮವನ್ನು ಕೇಳುತ್ತ ಕುಳಿತೆವು. ಮರುದಿನ ಮನೆಗೆ ಮರಳಿದೆವು. ತಂದೆಯವರು ಏನನ್ನೂ ಕೇಳಲಿಲ್ಲ. “ಬಾ, ಕೈಕಾಲು ತೊಳೆದುಕೋ” ಎಂದರು. ಅವರು ಮೂರು ಸಂಜೆಯೂ ನಿಲ್ದಾಣಕ್ಕೆ ಹೋಗಿ ಮಂಗಳೂರಿನ ರೈಲನ್ನು ಕಾದು ಬಂದಿದ್ದರೆಂಬ ಸಂಗತಿಯನ್ನು ತಾಯಿಯವರು ನಮಗೆ ತಿಳಿಸಿದ್ದು ತಂದೆಯವರು ತೀರಿಕೊಂಡ ಮೇಲೆ. ಮೂರನೆಯ ಸಂಜೆ ಅವರು ಕಾದ ರೈಲಿನಲ್ಲಿಯೇ ನಾವು ಮುಖ ಮರೆಸಿಕೊಂಡು ಕುಳಿತಿದ್ದೆವು.

ಮಹನೀಯರೆ, ರಾಮದಾಸರಂಥವರನ್ನು ಅಳೆಯುವ ಅಳತೆಗೋಲು ನಮ್ಮಲ್ಲಿಲ್ಲ. ಆದರೂ ಅವರ ಪುಸ್ತಕವನ್ನು ಓದುವಾಗ, ಬರೆದಿಟ್ಟ ಆ ಪತ್ರವನ್ನು ಕೈಗೆತ್ತಿಕೊಂಡ ಹೆಣ್ಣುಮಗಳನ್ನೂ ನೆನೆಯಬೇಕು. ಮನೆಯಲ್ಲಿ ಒಬ್ಬ ಪುಟ್ಟ ಮಗಳೂ ಇದ್ದಳು. ಹೊರಟವನ ಬಾಳು ಹಗುರವಾದಾಗ ಉಳಿದವರ ಹೊರೆ ಕೆಲವೊಮ್ಮೆ ಇಮ್ಮಡಿಯಾಗುತ್ತದೆ. ಇನ್ನೂ ಎರಡು ಸಂಗತಿಗಳನ್ನು ನಾವು ಮರೆಯಬಾರದು. ಅವರು ಹಿಮಾಲಯದವರೆಗೆ ಹೊತ್ತುಕೊಂಡು ಹೋದ ಮಂತ್ರ ಮನೆಯಲ್ಲಿ ತಂದೆಯಿಂದ ದೊರೆತದ್ದು. ಹಾಗೆಯೇ, ಅಷ್ಟು ದೇಶವನ್ನು ಸುತ್ತಿದವರು ಕೊನೆಗೆ ನೆಲೆಸಿದ್ದು ಹುಟ್ಟಿದ ನಾಡಿನಲ್ಲಿಯೇ. 1928ರಲ್ಲಿ ಕಾಸರಗೋಡಿನಲ್ಲಿ, ಮುಂದೆ 1931ರಲ್ಲಿ ಕಾಞಂಗಾಡಿನಲ್ಲಿ ಆಶ್ರಮವನ್ನು ಕಟ್ಟಿ, 1963ರಲ್ಲಿ ದೇಹವಿಡುವವರೆಗೆ ಅದನ್ನೇ ನೆಲೆಯಾಗಿ ಮಾಡಿಕೊಂಡರು. ದಾರಿಯಲ್ಲಿ ಪರರ ಅನ್ನ ಉಂಡವರು, ದಾರಿಹೋಕರಿಗೆ ಅನ್ನವಿಕ್ಕುವ ಮನೆಯನ್ನು ತೆರೆದರು.

ಪ್ರಿಯ ವಿದ್ಯಾರ್ಥಿಗಳೆ, ನೀವು ಹೊರಡಬೇಡಿರೆಂದು ನಾವು ಹೇಳುವುದಿಲ್ಲ. ಹೊರಡಿರಿ. ಕಾಯ್ದಿರಿಸದ ಡಬ್ಬಿಯಲ್ಲಿ ಪ್ರಯಾಣ ಮಾಡಿರಿ. ಲೋಕದ ರೀತಿಗೆ ಹೊಂದದ ಜನರೊಡನೆ ಕುಳಿತು ಅವರ ಅವಲಕ್ಕಿಯನ್ನು ಹಂಚಿಕೊಳ್ಳಿರಿ. ಎಷ್ಟು ಕಡಮೆಯಲ್ಲಿ ಬಾಳಬಹುದೆಂಬುದನ್ನು ಅವರೇ ಕಲಿಸುವರು. ಆದರೆ ಹೇಳಿ ಹೊರಡಿರಿ. ತಾಯಿತಂದೆಯರೆ, ಮಕ್ಕಳು ಹೇಳಲು ಬಂದಾಗ ತಾವೂ ಕುಳಿತು ಕೇಳಿರಿ. ಅಂದು ನಮಗೆ ಹೇಳುವ ಧೈರ್ಯವಿದ್ದಿದ್ದರೆ ತಂದೆಯವರು ಬಹುಶಃ ತಾವೇ ನಿಲ್ದಾಣಕ್ಕೆ ಬಂದು ರೈಲು ಹತ್ತಿಸುತ್ತಿದ್ದರು.