ರೂಪ, ಗುಣ, ನಡೆ

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಕುದುರೆಯ ಮಾತೆತ್ತಿದರೆ ಕೇಳಿದವರು ನಕ್ಕಾರು. ಅಡಿಕೆಯ ತೋಟ, ಸೊಪ್ಪಿನ ಬೆಟ್ಟ, ಕೊಟ್ಟಿಗೆಯ ದನ, ಇವುಗಳ ನಡುವೆ ಬೆಳೆದವರು ನಾವು. ಕುದುರೆಯನ್ನು ನಾವು ಹೆಚ್ಚಾಗಿ ಕಂಡದ್ದು ಯಕ್ಷಗಾನದ ರಂಗದಲ್ಲಿ. ಅಲ್ಲಿಯೂ ವೇಷಧಾರಿಯ ಕುಣಿತ ಮತ್ತು ಭಾಗವತರ ಪದಗಳಲ್ಲಿ ಮಾತ್ರ. ಆದರೂ ಸವಾರಿಯ ಕುದುರೆಯನ್ನು ಆರಿಸುವ ಬಗೆಯನ್ನು ಕುರಿತು ಇಂದು ಒಂದೆರಡು ಮಾತು ಹೇಳಬಯಸುತ್ತೇನೆ. ಆ ಪ್ರಾಣಿ ನಮ್ಮ ಜಿಲ್ಲೆಗೆ ಅಪರಿಚಿತವಲ್ಲ. ಅದನ್ನು ಆರಿಸುವಾಗ ಏಳುವ ಪ್ರಶ್ನೆಯಂತೂ ನಮಗೆ ಚೆನ್ನಾಗಿ ಪರಿಚಿತವಾದದ್ದೇ.

ವಿಜಯನಗರದ ಕಾಲದಲ್ಲಿ ಅರಬ್ಬೀ ಕುದುರೆಗಳು ಸಮುದ್ರ ದಾಟಿ ಭಟಕಳ, ಹೊನ್ನಾವರದ ಬಂದರುಗಳಲ್ಲಿ ಇಳಿಯುತ್ತಿದ್ದವು. ಅಲ್ಲಿಂದ ಘಟ್ಟ ಹತ್ತಿ ಬಯಲುಸೀಮೆಗೆ ಸಾಗುತ್ತಿದ್ದವು. ಹದಿನಾರನೆಯ ಶತಮಾನದ ಪೋರ್ಚುಗೀಸ ವರ್ತಕ ನೂನಿಜ್ ತನ್ನ ವೃತ್ತಾಂತದಲ್ಲಿ ಒಂದು ಸಂಗತಿಯನ್ನು ಬರೆದಿದ್ದಾನೆ. ಸಾಳುವ ನರಸಿಂಹನು ಸಾವಿರ ಪರ್ದಾವಿಗೆ ಮೂರರಂತೆ ಕುದುರೆಗಳನ್ನು ಕೊಳ್ಳುತ್ತಿದ್ದನಂತೆ. ದಾರಿಯಲ್ಲಿ, ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೂ ಬದುಕಿದ ಕುದುರೆಗೆ ಸಲ್ಲುವ ಹಣವೇ ಸಲ್ಲುತ್ತಿತ್ತಂತೆ. ವರ್ತಕರು ತನ್ನ ರಾಜ್ಯಕ್ಕೇ ಬರುವಂತೆ ಮಾಡಬೇಕಾದ ಅರಸನಿಗೆ ಈ ಲೆಕ್ಕ ಸರಿಯಿದ್ದೀತು. ಆದರೆ ಒಂದೇ ಒಂದು ಕುದುರೆಯನ್ನು ಕೊಂಡು, ಅದರ ಬೆನ್ನಿನ ಮೇಲೆ ತನ್ನ ಜೀವವನ್ನೇ ಇಡಬೇಕಾದವನು ಬಾಲವನ್ನು ನೋಡಿ ಹಣ ಕೊಡಲಾರ. ಅವನು ಏನನ್ನು ನೋಡಬೇಕು?

ಹಳೆಯ ಶಾಸ್ತ್ರಗಳು ಮೊದಲು ಹೇಳುವುದು ಲಕ್ಷಣವನ್ನು. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಗೂ ಅದರ ಸವಾರಿಗೂ ವಿಸ್ತಾರವಾದ ಎಡೆಯಿದೆ. ಬಣ್ಣ, ಸುಳಿ, ಅಂಗಾಂಗಗಳಿಂದ ಶುಭಾಶುಭವನ್ನು ನಿರ್ಣಯಿಸುವುದು ನಮ್ಮ ಅಶ್ವಶಾಸ್ತ್ರಗಳ ಸಂಪ್ರದಾಯ. ಕೊರಳಿನ ಸುಳಿಗೆ ‘ದೇವಮಣಿ’ ಎಂದು ಹೆಸರಿಟ್ಟು ಅದನ್ನು ಮಂಗಳಕರವೆಂದರು. ಇದನ್ನೆಲ್ಲ ಬರಿಯ ಮೂಢನಂಬಿಕೆ ಎಂದು ತಳ್ಳಿಹಾಕುವ ಮುನ್ನ ಸ್ವಲ್ಪ ನಿಲ್ಲಬೇಕು. 1995ರಲ್ಲಿ ಅಮೆರಿಕದ ಟೆಂಪಲ್ ಗ್ರಾಂಡಿನ್ ಮತ್ತು ಸಂಗಡಿಗರು ದನಗಳನ್ನು ಪರೀಕ್ಷಿಸಿ, ಹಣೆಯ ಸುಳಿ ಕಣ್ಣುಗಳಿಗಿಂತ ಮೇಲಿರುವ ದನಗಳು ಕಟ್ಟಿಹಾಕಿದಾಗ ಹೆಚ್ಚು ಗಾಬರಿಗೊಂಡುದನ್ನು ದಾಖಲಿಸಿದರು. ಹಾಗೆಂದು ಸುಳಿಯೊಂದನ್ನೇ ನಂಬಿ ಹಣ ಎಣಿಸುವುದು ಜಾಣತನವಲ್ಲ. ನಮ್ಮ ಹಿರಿಯರೂ ರೂಪದಲ್ಲೇ ನಿಂತವರಲ್ಲ. ಅಮರಕೋಶವು ಕುದುರೆಯ ನಡೆಗೆ ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ ಎಂದು ಐದು ಹೆಸರುಗಳನ್ನು ಕೊಟ್ಟಿದೆ. ಐದು ಹೆಸರು ಬೇಕಾಗುವಷ್ಟು ಸೂಕ್ಷ್ಮವಾಗಿ ಅವರು ನಡೆಯನ್ನು ನೋಡಿದ್ದರು.

ಈ ವಿಷಯದಲ್ಲಿ ನನಗೆ ಪಾಠ ಕಲಿಸಿದ್ದು ಕುದುರೆಯಲ್ಲ, ಒಂದು ಎತ್ತು. ನಮ್ಮ ಅಜ್ಜ ಬಯಲುಸೀಮೆಯ ಜಾತ್ರೆಯಿಂದ ಒಂದು ಎತ್ತನ್ನು ತಂದಿದ್ದರು. ಎತ್ತರದ ನಿಲುವು, ತಿದ್ದಿದಂಥ ಕೋಡು, ಮಿರುಗುವ ಮೈ. ಊರಿಗೆ ಊರೇ ನೋಡಲು ಬಂದಿತ್ತು. ಆ ಮಳೆಗಾಲದಲ್ಲಿ ಗಾಡಿ ಇಳಿಜಾರಿಗೆ ಬಂದಾಗ ಎದುರಿನಿಂದ ಒಬ್ಬ ಆಳು ಕಂಬಳಿಕೊಪ್ಪೆ ಹೊದ್ದು ಬಂದ. ಎತ್ತು ಬೆದರಿ ಧರೆಯ ಅಂಚಿಗೆ ನುಗ್ಗಿತು. ಗಾಡಿ ಹೊಡೆಯುತ್ತಿದ್ದ ದೊಡ್ಡಪ್ಪ ಅಂದು ಬಿದ್ದವರು ಕೊನೆಯವರೆಗೂ ಕುಂಟುತ್ತಲೇ ನಡೆದರು. “ಎತ್ತಿನ ತಪ್ಪೇನೂ ಇಲ್ಲ, ಚಂದ ನೋಡಿ ತಂದವನು ನಾನು” ಎಂದು ಅಜ್ಜ ಎಷ್ಟೋ ವರ್ಷ ಹೇಳುತ್ತಿದ್ದರು. ಮುಂದೆ ಅವರು ಎತ್ತು ನೋಡಲು ಮಳೆಯ ದಿನವೇ ಹೋಗುತ್ತಿದ್ದರು. ಅದನ್ನು ಉಣಗೋಲು ದಾಟಿಸಿ, ಹಳ್ಳಕ್ಕೆ ಇಳಿಸಿ, ಎದುರಿಗೆ ಕೊಪ್ಪೆ ಹೊದ್ದು ತಾವೇ ನಡೆದು ಬಂದು ನೋಡುತ್ತಿದ್ದರು. ಮಲೆನಾಡ ಗಿಡ್ಡ ತಳಿಯ ದನಕ್ಕೆ ಎತ್ತರವಿಲ್ಲ, ಠೀವಿಯಿಲ್ಲ. ಆದರೆ ಜಾರುವ ಬೆಟ್ಟದಲ್ಲಿ ಅದು ಹೆಜ್ಜೆ ತಪ್ಪುವುದು ಅಪರೂಪ ಎಂಬುದನ್ನು ಅವರು ಆಗ ಒಪ್ಪಿಕೊಂಡರು.

ಕುದುರೆಗೂ ಈ ಪರೀಕ್ಷೆಯೇ ಸಲ್ಲುತ್ತದೆ. ಹಾಗಾದರೆ ರೂಪ ವ್ಯರ್ಥವೇ? ಖಂಡಿತ ಅಲ್ಲ. ರೂಪದಲ್ಲಿ ಎರಡು ಬಗೆ. ಒಂದು ಕಣ್ಣಿಗೆ ಬೇಕಾದದ್ದು, ಇನ್ನೊಂದು ಕೆಲಸಕ್ಕೆ ಬೇಕಾದದ್ದು. ನಿಂತಾಗ ಕುದುರೆಯ ಭಾರದಲ್ಲಿ ಸುಮಾರು ನೂರಕ್ಕೆ 60 ಪಾಲು ಮುಂಗಾಲುಗಳ ಮೇಲಿರುತ್ತದೆ. ಆದ್ದರಿಂದ ಗೊರಸು, ಕೀಲು, ಸ್ನಾಯುರಜ್ಜುಗಳಲ್ಲಿ ದೋಷವಿದ್ದರೆ ಉಳಿದ ಯಾವ ಗುಣವೂ ಅದನ್ನು ತುಂಬಿಕೊಡಲಾರದು. ಗೊರಸಿನ ಮೇಲಣ ಗೆಣ್ಣು ತೀರ ನೆಟ್ಟಗೆ, ಗಿಡ್ಡಗೆ ಇದ್ದರೆ ಸವಾರನಿಗೆ ಕುಲುಕು ಹೆಚ್ಚು. ತೀರ ಉದ್ದವಾಗಿ ಬಾಗಿದ್ದರೆ ರಜ್ಜುಗಳಿಗೆ ಶ್ರಮ ಹೆಚ್ಚು. ಹೆಗಲು ಓರೆಯಾಗಿದ್ದರೆ ಹೆಜ್ಜೆ ನೀಳವಾಗುತ್ತದೆ. ಸವಾರ ಮತ್ತು ಜೀನಿನ ಒಟ್ಟು ತೂಕ ಕುದುರೆಯ ತೂಕದ ಐದನೆಯ ಒಂದು ಪಾಲನ್ನು ಮೀರದಿರುವುದು ಒಳ್ಳೆಯದು. ಇಷ್ಟನ್ನು ರೂಪದಲ್ಲಿ ಕಡ್ಡಾಯವಾಗಿ ನೋಡಬೇಕು. ತಲೆ ತುಸು ದಪ್ಪ, ಬಣ್ಣ ಮಂಕು, ಕೊರಳು ಗಿಡ್ಡ ಎಂಬವನ್ನು ಕ್ಷಮಿಸಬಹುದು.

ರೂಪದಿಂದ ನಾವು ಊಹಿಸಿದ್ದು ನಿಜವೋ ಸುಳ್ಳೋ ಎಂಬುದನ್ನು ನಡೆ ತಿಳಿಸುತ್ತದೆ. ಗಟ್ಟಿ ನೆಲದ ಮೇಲೆ ನಡೆಸಿ ಕಣ್ಣಿನಷ್ಟೇ ಕಿವಿಯನ್ನೂ ಇಟ್ಟು ಕೇಳಬೇಕು. ಮೆಲ್ಲನೆಯ ನಡಿಗೆಯಲ್ಲಿ ನಾಲ್ಕು ಸಪ್ಪಳ, ಕುಕ್ಕುಲೋಟದಲ್ಲಿ ಎರಡು; ಅವು ತಾಳ ತಪ್ಪದೆ ಬರಬೇಕು. ಮುಂಗಾಲು ನೋಯುತ್ತಿದ್ದರೆ ಆ ಕಾಲು ಊರಿದಾಗ ಕುದುರೆ ತಲೆಯನ್ನು ಮೇಲೆತ್ತುತ್ತದೆ. ಸಲೀಸಾಗಿ ನಡೆಯುವ ಕುದುರೆಯ ಹಿಂಗಾಲು ಮುಂಗಾಲಿನ ಗುರುತಿನ ಮೇಲೆ, ಇಲ್ಲವೆ ಅದಕ್ಕೂ ಮುಂದೆ ಬೀಳುತ್ತದೆ.

ಗುಣವನ್ನು ತಿಳಿಯಲು ಹೆಚ್ಚು ತಾಳ್ಮೆ ಬೇಕು. ಮಾರುವವನು ಮೊದಲೇ ಓಡಿಸಿ ದಣಿಸಿಟ್ಟ ಕುದುರೆ ಎಲ್ಲರಿಗೂ ಸಾಧುವೇ. ಲಾಯದಲ್ಲಿ ಅದು ಹೇಗಿರುತ್ತದೆ, ಕಾಲೆತ್ತಿದರೆ ಒಪ್ಪುತ್ತದೆಯೇ, ಜೊತೆಯ ಕುದುರೆಗಳಿಂದ ಬೇರೆ ಕರೆದೊಯ್ದರೆ ಏನು ಮಾಡುತ್ತದೆ, ಕೊಡೆ ಬಿಚ್ಚಿದರೆ ಎಷ್ಟು ಬೆದರುತ್ತದೆ ಎಂದು ನೋಡಬೇಕು. ಬೆದರದ ಕುದುರೆಯಿಲ್ಲ, ಬೆದರಿದ ಮೇಲೆ ಎಷ್ಟು ಬೇಗ ಸಮಾಧಾನಗೊಳ್ಳುತ್ತದೆ ಎಂಬುದೇ ಮುಖ್ಯ. ಸಾಧ್ಯವಾದರೆ ಇನ್ನೊಂದು ದಿನ ಮುನ್ಸೂಚನೆಯಿಲ್ಲದೆ ಹೋಗಬೇಕು. ಗುಣವನ್ನು ಪಳಗಿಸಬಹುದು ಎನ್ನುವವರಿದ್ದಾರೆ. ನುರಿತ ಕೈಗೆ ಅದು ನಿಜ. ಹೊಸ ಸವಾರ ಮತ್ತು ಹೆದರಿದ ಕುದುರೆ ಒಬ್ಬರಿಂದೊಬ್ಬರು ಕಲಿಯುವುದು ಹೆದರಿಕೆಯನ್ನೇ.

ಆದ್ದರಿಂದ ನನ್ನ ಕ್ರಮ ಇಷ್ಟು: ಕಾಲು ಗೊರಸುಗಳು ನಿರ್ದೋಷವಾಗಿದ್ದರೆ ಮಾತ್ರ ಮಾತು ಮುಂದುವರಿಯಲಿ, ಬಳಿಕ ಗುಣ, ಆಮೇಲೆ ನಡೆ, ಚೆಲುವು ಕೊನೆಗೆ. ಬಯಲಿನಲ್ಲಿ ಪಂದ್ಯಕ್ಕೆ ಓಡಿಸುವವರು ಈ ಕ್ರಮವನ್ನು ಬದಲಿಸಿಕೊಳ್ಳಬಹುದು. ದೇವಿಮನೆಯ ಇಲ್ಲವೆ ಅರಬೈಲಿನ ಘಟ್ಟವನ್ನು ಕಂಡವರು ಬದಲಿಸಲಾರರು.

ಕನ್ನಡದಲ್ಲಿ ಕಾಲಿನ ಚಲನೆಗೂ ಬಾಳಿನ ವರ್ತನೆಗೂ ‘ನಡೆ’ ಎಂಬ ಒಂದೇ ಮಾತಿದೆ. ಈ ಮಾತು ನೆನಪಾದಾಗಲೆಲ್ಲ ಮಳೆಯಲ್ಲಿ ಕೊಪ್ಪೆ ಹೊದ್ದು, ಯಾರದೋ ಎತ್ತಿನ ಎದುರಿಗೆ ಮೆಲ್ಲಗೆ ನಡೆದು ಬರುತ್ತಿದ್ದ ಅಜ್ಜ ಕಣ್ಣ ಮುಂದೆ ನಿಲ್ಲುತ್ತಾರೆ.